ಅಪ್ಪನ ಬಂದೂಕಿಗೆ ಪಾಲು ಕೇಳಿದೆ

ಅಪ್ಪ ತೀರಿಕೊಂಡ ಮೂರನೆಯ ದಿನ ಅವನ ಫೋನು ನನ್ನ ಕೈಯಲ್ಲಿತ್ತು. ಕರೆಗಳು ಬರುತ್ತಲೇ ಇದ್ದವು. ತಮ್ಮ ಯಾರೊಂದಿಗೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಹಾಗಾಗಿ ನಾನೇ ಉತ್ತರ ಕೊಡುತ್ತಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಬಂದೂಕಿನವರ ವಾಟ್ಸಾಪ್ ಗುಂಪು. ಕಂಪ್ಲಿ, ಹೊಸಪೇಟೆ, ಸಂಡೂರು ಕಡೆ ಲೈಸೆನ್ಸ್ ಬಂದೂಕು ಇಟ್ಟುಕೊಂಡವರೆಲ್ಲ ಅದರಲ್ಲಿದ್ದರು. ಅಪ್ಪನ ಫೋಟೋ ಹಾಕಿ, ಅದಕ್ಕೊಂದು ಹೂವಿನ ಹಾರದ ಚಿತ್ರ ಅಂಟಿಸಿ, ಕೆಳಗೆ ಸಾಲುಸಾಲಾಗಿ ಕೈಮುಗಿದಿದ್ದರು. ಆ ಮುಗಿದ ಕೈಗಳ ನಡುವೆ ಒಬ್ಬ ಕೇಳಿದ್ದ: ‘ಕಾಕಾರ ಗನ್ ಯಾರಿಗಂತ?’ ಅದಕ್ಕೆ ಇನ್ನೊಬ್ಬನ ಉತ್ತರ: ‘ದಿನಕರ್ಮ ಮುಗೀಲಿ ತಡೀರಿ.’

ಮೈಯೆಲ್ಲ ಉರಿಯಿತು. ಫೋನನ್ನು ಅಂಗಳಕ್ಕೆ ಬಿಸಾಕಬೇಕು ಅನ್ನಿಸಿತು. ಬಿಸಾಕಲಿಲ್ಲ, ಅಪ್ಪನ ಫೋನು ಎಂದು ಸುಮ್ಮನೆ ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟೆ.

ಬಂದೂಕಿನ ಮೇಲೆ ಪ್ರೀತಿ ಇರುವ ಗಂಡಸರ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನದು ಜೋಡಿ ನಳಿಗೆಯ ಹಳೆಯ ಬಂದೂಕು. ಹೊಳೆಯ ದಂಡೆಯ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತವೆ ಎಂದು ಲೈಸೆನ್ಸ್ ಮಾಡಿಸಿದ್ದು. ಅಪ್ಪ ಹಂದಿಗೆ ಹೊಡೆದದ್ದಕ್ಕಿಂತ ಆಕಾಶಕ್ಕೆ ಹೊಡೆದದ್ದೇ ಹೆಚ್ಚು. ಹಂದಿಗಳೂ ಅದನ್ನು ಅರ್ಥ ಮಾಡಿಕೊಂಡಿದ್ದವು, ಸದ್ದಿಗೆ ಓಡಿಹೋಗಿ ಮತ್ತೆ ಬಂದು ನೆಮ್ಮದಿಯಾಗಿ ಮೇಯುತ್ತಿದ್ದವು. ಆ ಬಂದೂಕು ನಿಜವಾಗಿ ಕೆಲಸ ಮಾಡಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ, ಅದೂ ಬಾಯಿಮಾತಿನಲ್ಲಿ.

ಭಾನುವಾರ ಬಂತೆಂದರೆ ಆ ಗುಂಪಿನವರೆಲ್ಲ ಹಾಜರು. ಅವ್ವ ಚಹಾ ಮಾಡಿ ಮಾಡಿ ಬೇಸತ್ತು, ಒಲೆಯ ಮುಂದೆ ಕೂತು ಅವರಿಗೆ ಕೇಳದಷ್ಟು ಮೆಲ್ಲಗೆ ಬೈಯುತ್ತಿದ್ದಳು. ಬಂದೂಕು ಮುಟ್ಟುವ ಮೊದಲು ಅವರು ಕೈ ತೊಳೆಯುತ್ತಿದ್ದರು. ಊಟಕ್ಕೆ ಕೂರುವಾಗ ತೊಳೆಯದವರು ಇದಕ್ಕೆ ತೊಳೆಯುತ್ತಿದ್ದರು. ಆಮೇಲೆ ಅದನ್ನು ಮಡಚಿ, ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಗಡಿಯಲ್ಲಿ ಸೀರೆಯ ನೇಯ್ಗೆ ನೋಡುವ ಹಾಗೆ ನೋಡುತ್ತಿದ್ದರು. ಯಾವ ಬಂದೂಕು ಯಾರ ಅಜ್ಜನದು, ಯಾರ ಮನೆಯಿಂದ ಯಾರ ಮನೆಗೆ ಹೋಯಿತು, ಯಾರ ಕೈಯಲ್ಲಿ ತುಕ್ಕು ಹಿಡಿಯಿತು ಎಲ್ಲ ಬಾಯಿಪಾಠ. ತಮ್ಮದೇ ಮಗಳು ಯಾವ ಕ್ಲಾಸಿನಲ್ಲಿದ್ದಾಳೆ ಎಂದು ಕೇಳಿದರೆ ಮಾತ್ರ ಹೆಂಡತಿಗೆ ಫೋನ್ ಹಚ್ಚುತ್ತಿದ್ದರು.

ಚುನಾವಣೆ ಬಂದರೆ ಅವರಿಗೆ ಹಬ್ಬ. ಆಗ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕು. ಒಮ್ಮೆ ಅಪ್ಪನಿಗೆ ಕಾಲು ನೋವೆಂದು ನಾನೂ ಜೊತೆಗೆ ಹೋಗಿದ್ದೆ. ಠಾಣೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಸಾಲು. ಕೆಲವರು ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದರು, ಕೆಲವರು ದಿಂಬಿನ ಗವಸಿನಲ್ಲಿ. ಒಬ್ಬರದನ್ನು ಒಬ್ಬರು ಬಿಚ್ಚಿ ನೋಡಿ ಉಸಿರು ಬಿಡುತ್ತಿದ್ದರು. ಸಂಡೂರಿನ ಒಬ್ಬ ಲಾರಿ ಮಾಲೀಕ ಮಾತ್ರ ಬಂದೂಕಿಗಿಂತ ಹೆಚ್ಚಾಗಿ ಅದನ್ನು ಹಿಡಿದ ಮುದುಕರನ್ನು ಮಾತಾಡಿಸುತ್ತಿದ್ದ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳುತ್ತಿದ್ದ. ಎಂಥ ಕಕ್ಕುಲಾತಿಯ ಮನುಷ್ಯ ಅಂದುಕೊಂಡಿದ್ದೆ.

ನಾನು ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಅದೇ ಲಾರಿ ಮಾಲೀಕ ಸಂಡೂರಿನಿಂದ ನಮ್ಮ ಲ್ಯಾಬಿಗೇ ಬಂದು ಸಕ್ಕರೆ ಪರೀಕ್ಷೆ ಮಾಡಿಸುತ್ತಿದ್ದ. ತೋಳು ಚಾಚಿ, ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿ, ನಿಮ್ಮ ತಂದೆಯವರ ಕಿಡ್ನಿ ರಿಪೋರ್ಟು ಹೇಗೆ ಬಂತು ಎಂದು ವಿಚಾರಿಸುತ್ತಿದ್ದ. ಚೋರನೂರಿನ ಒಬ್ಬ ಯಜಮಾನರಿಗೆ ಹೃದಯದ ತೊಂದರೆ, ಬಂಡ್ರಿಯ ಇನ್ನೊಬ್ಬರಿಗೆ ದಮ್ಮು ಎಂದು ತಾನೇ ಹೇಳಿ ಲೊಚಗುಟ್ಟುತ್ತಿದ್ದ. ಆ ಇಬ್ಬರ ಮನೆಯಲ್ಲೂ ಹಳೆಯ ಬಂದೂಕುಗಳಿದ್ದವು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ವ್ಯಾಪಾರದ ಹೊಲಸು ಇರುವುದೇ ಅಲ್ಲಿ. ಒಳ್ಳೆಯ ಹಳೆಯ ಬಂದೂಕು ಬೇಕೆಂದವರಿಗೆ ಪೇಟೆಯಲ್ಲಿ ಸಿಗುವುದಿಲ್ಲ. ಇಟ್ಟುಕೊಂಡವನು ಬದುಕಿರುವಾಗ ಕೊಡುವುದಿಲ್ಲ. ಅವನು ಕಣ್ಣು ಮುಚ್ಚಿದ ಮೇಲೆ, ಮಕ್ಕಳು ಬೇಡವೆಂದರೆ ಮಾತ್ರ ಅದು ಲೈಸೆನ್ಸ್ ಇರುವ ಇನ್ನೊಬ್ಬನ ಕೈಗೆ ಬರುತ್ತದೆ. ಹಾಗಾಗಿ ಕೊಳ್ಳುವವನು ಬಂದೂಕಿನ ಮೇಲೆ ಕಣ್ಣಿಡುವುದಿಲ್ಲ, ಮುದುಕನ ಮೇಲೆ ಇಡುತ್ತಾನೆ. ನಮ್ಮಪ್ಪನ ಹೆಣಕ್ಕೆ ಎಲ್ಲರಿಗಿಂತ ಮೊದಲು ಹಾರ ತಂದವನು ಆ ಲಾರಿ ಮಾಲೀಕನೇ.

ಅಪ್ಪ ಹೋದ ಮೇಲೆ ಬಂದೂಕು ಠಾಣೆ ಸೇರಿತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮನೆಗೆ ತರಬೇಕೆಂದು ತಮ್ಮ ಹಟ ಹಿಡಿದ. ಅದಕ್ಕೆ ಅವ್ವನದೂ ನನ್ನದೂ ಒಪ್ಪಿಗೆಯ ಸಹಿ ಬೇಕು. ಅವ್ವ ಹಾಕಿದ್ದಳು. ನಾನೂ ಹಾಕುವವಳೇ. ಆ ಕಬ್ಬಿಣ ಯಾರ ಬೀರುವಿನಲ್ಲಿದ್ದರೆ ನನಗೇನು?

ಸಹಿ ಹಾಕಲು ನಾನು ಕಂಪ್ಲಿಯ ತವರಿಗೆ ಹೋಗಬೇಕಿದ್ದುದರ ಹಿಂದಿನ ದಿನ ತಮ್ಮನ ಹೆಂಡತಿ ಲ್ಯಾಬಿಗೆ ಬಂದಳು. ಹೊರಗೆ ಜನ ಕೂತಿದ್ದರು. ಅವಳು ರೋಗಿಯ ಹಾಗೆ ಕುರ್ಚಿಯಲ್ಲಿ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಕೈ ಮುಂದೆ ಚಾಚಿದಳು. ನಾನು ಏನಾಯಿತೆಂದು ಕೇಳುವ ಮೊದಲೇ ಮೆಲ್ಲಗೆ ಅಂದಳು:

“ಅಕ್ಕಾರ, ಸಹಿ ಹಾಕಬ್ಯಾಡ್ರಿ.”

ನಾನು ರಕ್ತ ತೆಗೆಯುವವಳ ಹಾಗೆ ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ, ನೋಡಿದವರಿಗೆ ಅನುಮಾನ ಬಾರದಿರಲಿ ಎಂದು. ಅವಳು ಹೇಳುತ್ತಾ ಹೋದಳು. ತಮ್ಮ ಅವಳ ಮೇಲೆ ಕೈ ಮಾಡಿದವನಲ್ಲ. ಬಂದೂಕನ್ನು ಅವಳ ಕಡೆ ತೋರಿಸಿದವನೂ ಅಲ್ಲ. ಜಗಳವಾದಾಗ ಬೀರು ತೆಗೆದು ಅದನ್ನು ಹೊರಗೆ ತರುತ್ತಿದ್ದ, ಮಂಚದ ಮೇಲೆ ಕೂತು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಅವಳ ಬಾಯಿ ಮುಚ್ಚುವವರೆಗೂ ಒರೆಸುವುದು. ಅವಳು ಬಾಯಿ ಮುಚ್ಚಿ ತಟ್ಟೆ ಹಾಕಿದ ಮೇಲೆ ಒಳಗಿಟ್ಟು ಬಂದು ಊಟಕ್ಕೆ ಕೂರುವುದು. ಒಂದು ಸಲ ಅಪ್ಪ ಅದನ್ನು ನೋಡಿದ್ದಾನೆ. ಅಂದಿನಿಂದ ಬೀರುವಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗುತ್ತಿದ್ದ.

ಆ ಕೀಲಿಯನ್ನು ನಾನೂ ನೋಡಿದ್ದೆ. ಬಂದೂಕಿನ ಮೇಲಿನ ಮೋಹಕ್ಕೆ ಕಟ್ಟಿಕೊಂಡಿದ್ದಾನೆಂದು ಆಡಿಕೊಂಡು ನಕ್ಕಿದ್ದೆ. ಅಪ್ಪ ತಾನೂ ನಕ್ಕು ಸುಮ್ಮನಾಗಿದ್ದ.

“ಮಾವ ಅದಾರ ಅಂತ ಆ ಮನ್ಯಾಗ ಇದ್ದೆ. ನಾ ಬಂದು ಹೇಳೀನಿ ಅಂತ ಗೊತ್ತಾತಂದ್ರ ನನ್ನ ಗತಿ ಏನಂತ ನೀವಾ ತಿಳ್ಕಳ್ರಿ” ಅಂದು, ತಾನೇ ಪಟ್ಟಿ ಬಿಚ್ಚಿ ಕೊಟ್ಟು ಎದ್ದುಹೋದಳು.

ಸಹಿ ಹಾಕಬಾರದು, ಯಾಕೆಂದು ಹೇಳಲೂ ಬಾರದು. ತಮ್ಮ ತಕ್ಷಣ ನಂಬುವಂಥ ಬೇರೆ ಕಾರಣ ಬೇಕಿತ್ತು. ಕೊಟ್ಟ ಹೆಣ್ಣುಮಗಳ ಬಗ್ಗೆ ಗಂಡಸರು ಏನನ್ನು ಬೇಗ ನಂಬುತ್ತಾರೆ? ನಾನು ಫೋನ್ ಮಾಡಿ, ಬಂದೂಕು ಮಾರಬೇಕು, ಬಂದದ್ದರಲ್ಲಿ ನನಗೂ ಪಾಲು ಬೇಕು ಅಂದೆ. ಹೊಲದಲ್ಲಿ ಪಾಲು ಕೇಳದವಳು, ಮನೆಯಲ್ಲಿ ಕೇಳದವಳು, ಹಳೆಯ ಬಂದೂಕಿನಲ್ಲಿ ಕೇಳಿದೆ. ತಮ್ಮ, “ಇಷ್ಟು ದಿನ ಇದನ್ನ ಹೊಟ್ಯಾಗ ಇಟಗಂಡು ಬರ್ತಿದ್ದೇನಕ್ಕಾ?” ಅಂದ. ಒಂದು ಕ್ಷಣವೂ ಅನುಮಾನ ಪಡಲಿಲ್ಲ. ನನ್ನ ಅಕ್ಕ ಅಂಥವಳಲ್ಲ ಅನ್ನಿಸಲೇ ಇಲ್ಲ ಅವನಿಗೆ. ಅವನು ನಂಬಲಿ ಎಂದೇ ಹೇಳಿದ್ದೆ, ನಂಬಿದ್ದಕ್ಕೆ ಸಿಟ್ಟು ಬಂತು.

ಅಲ್ಲಿಂದ ಶುರುವಾಯಿತು. ಅವ್ವ ಫೋನಿನಲ್ಲಿ ಅತ್ತಳು, ಆಮೇಲೆ ಶಪಿಸಿದಳು. ಹಂಪಿ ರಸ್ತೆಯಲ್ಲಿ ಹೋಟೆಲ್ ಇಟ್ಟುಕೊಂಡ, ಅಪ್ಪನ ಕಟ್ಟೆಯ ಗೆಳೆಯನೊಬ್ಬ, ಸೇಬು ಹಣ್ಣು ಹಿಡಿದು ನಮ್ಮ ಮನೆಗೆ ಬಂದ. ಕುರ್ಚಿಯಲ್ಲಿ ಕೂತು, ಬಂದೂಕೆಂದರೆ ಮನೆತನದ ಮರ್ಯಾದೆ, ಅದು ಹೊಸ್ತಿಲು ದಾಟಬಾರದು ಎಂದು ಉಪದೇಶ ಮಾಡಿದ. ಆ ಮರ್ಯಾದೆಯನ್ನು ಒರೆಸುವುದನ್ನು ನೀನೊಮ್ಮೆ ಮಂಚದ ಈಚೆ ಕೂತು ನೋಡು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬದಲಿಗೆ ಅವನ ಹೋಟೆಲಿನ ಹಳಸಿದ ಚಟ್ನಿಯಿಂದ ಶುರು ಮಾಡಿ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿದೆ. ಸೇಬನ್ನು ವಾಪಸು ಕಳಿಸಿದೆ.

ನನ್ನ ಪರವಾಗಿ ನಿಂತವನು ಒಬ್ಬನೇ, ಸಂಡೂರಿನ ಲಾರಿ ಮಾಲೀಕ. ನಿಮ್ಮ ನಿರ್ಧಾರ ಬಹಳ ಒಳ್ಳೆಯದು, ಬಂದೂಕು ನಾನು ಕೊಳ್ಳುತ್ತೇನೆ ಎಂದು ಫೋನ್ ಮಾಡಿ ಹೇಳಿದ. ಧ್ವನಿಯಲ್ಲೇ ಅವನ ಹಲ್ಲು ಕಾಣುತ್ತಿತ್ತು. ನನಗೆ ಜಗತ್ತಿನಲ್ಲಿ ಯಾರ ಮುಖ ನೋಡುವುದು ಬೇಡವಾಗಿತ್ತೋ ಅವನ ಕೈಗೇ ಅಪ್ಪನ ಬಂದೂಕು ಹೋಗುವ ಹಾಗೆ ನಾನೇ ದಾರಿ ಮಾಡಿದ್ದೆ. ಅವನು ನನ್ನನ್ನು ಕೊಂಡುಕೊಂಡಿದ್ದಾನೆಂದು ನಮ್ಮ ಓಣಿಯಲ್ಲಿ ಮಾತಾಯಿತು.

ಕೊನೆಗೆ ಕಂಪ್ಲಿಯ ಮನೆಯಲ್ಲಿ ಕೂತು ಮಾತಾಡುವುದೆಂದಾಯಿತು. ನಾನು ಹೋದಾಗ ಕಟ್ಟೆಯ ಮೇಲೆ ತಮ್ಮ, ಹೋಟೆಲಿನವನು, ಲಾರಿ ಮಾಲೀಕ. ಅವ್ವ ಬಾಗಿಲಲ್ಲಿ. ಕುಂದ್ರು ಎಂದು ಯಾರೂ ಅನ್ನಲಿಲ್ಲ. ನಾನೇ ಕಂಬಕ್ಕೆ ಒರಗಿ ಕೂತೆ. ನನ್ನ ಕಣ್ಣೆದುರಿಗೇ ಅವರು ಬಂದೂಕಿನ ನಳಿಗೆ, ಅದರ ಹಿಡಿಯ ಮರ, ಅದನ್ನು ಮಾಡಿದ ಊರು ಎಂದು ಮಾತು ಹೊಸೆದರು. ಒಬ್ಬ ಹೊಗಳಿದರೆ ಒಬ್ಬ ತೆಗಳಿದ, ಬೆಲೆ ಏರಿಸುವವನೂ ಇಳಿಸುವವನೂ ಅಪ್ಪನ ಹೆಸರನ್ನೇ ಹಿಡಿದು ಎಳೆದಾಡಿದರು.

ಆಗ ತಮ್ಮ ನಾನು ಯೋಚಿಸದೇ ಇದ್ದ ಮಾತಾಡಿದ. ಹಿರಿಯರು ಒಂದು ಬೆಲೆ ಕಟ್ಟಲಿ, ಅಕ್ಕನ ಪಾಲನ್ನು ನಾನೇ ಕೊಡುತ್ತೇನೆ, ಅವಳು ಸಹಿ ಹಾಕಿ ಹೋಗಲಿ, ಬಂದೂಕು ನನಗಿರಲಿ ಅಂದ.

ನಾನು ಹೆಣೆದ ಸುಳ್ಳು ನನ್ನ ಕುತ್ತಿಗೆಗೇ ಬಂದಿತ್ತು. ದುಡ್ಡಿಗಾಗಿ ಹಟ ಮಾಡಿದವಳು ದುಡ್ಡು ಕೊಡುತ್ತೇನೆಂದರೆ ಬೇಡ ಅನ್ನುವುದು ಹೇಗೆ? ಎಲ್ಲರೂ ನನ್ನ ಕಡೆ ನೋಡಿದರು. ಹೋಟೆಲಿನವನು ಜೇಬಿನಿಂದ ಪೆನ್ನು ತೆಗೆದ.

ತಮ್ಮನ ಹೆಂಡತಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಿದ್ದಳು. ತಟ್ಟೆಯನ್ನು ಕಟ್ಟೆಯ ಮೇಲೆ ಸದ್ದಾಗುವಂತೆ ಇಟ್ಟಳು. ಗಂಡಸರ ನಡುವೆ ಅವಳು ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ನಮ್ಮ ಮಕ್ಕಳ ಫೀಜಿನ ರೊಕ್ಕ ಈಕಿಗೆ ಕೊಡ್ತೀರೇನು? ಒಂದು ಪೈಸೆ ಕೊಡಬ್ಯಾಡ್ರಿ” ಅಂದಳು ಗಂಡನಿಗೆ. “ಆ ಬಂದೂಕು ಮನ್ಯಾಗ ಬಂದ್ರ ನೋಡಿದಾಗೊಮ್ಮೆ ಈಕಿ ಮಾರಿ ನೆನಪಾಗ್ತೈತಿ ನನಗ. ಬ್ಯಾಡ. ಸಂಡೂರಿನೋರಿಗೆ ಮಾರಿಬಿಡ್ರಿ, ಅವ್ರು ಕೊಟ್ಟಿದ್ರಾಗ ಈಕಿ ಪಾಲು ಈಕಿ ಮುಂದ ಒಗೀರಿ. ಇನ್ನ ಮ್ಯಾಲೆ ಈ ಮನ್ಯಾಗ ಬಂದೂಕಿನ ಹೆಸರು ಎತ್ತಬಾರ್ದು.”

ಅಷ್ಟು ವರ್ಷ ಹೇಳಲಾಗದ ಮಾತನ್ನು ಅವಳು ನನ್ನನ್ನು ಬೈಯುವ ನೆಪದಲ್ಲಿ ಗಂಡನ ಮುಖಕ್ಕೇ ಹೇಳಿದಳು. ಹೋಟೆಲಿನವನು ಸೊಸೆ ಹೇಳಿದ್ದೇ ಖರೆ ಎಂದು ತಲೆಯಾಡಿಸಿ ಪೆನ್ನನ್ನು ಜೇಬಿಗೆ ಹಾಕಿದ. ಅವ್ವ ಹೌದು ಹೌದು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಲ್ಕು ಜನರ ಮುಂದೆ ಮಕ್ಕಳ ಫೀಜಿನ ಮಾತು ಬಂದ ಮೇಲೆ ತಮ್ಮ ಏನನ್ನೂ ಹೇಳುವ ಹಾಗಿರಲಿಲ್ಲ. ತಲೆ ತಗ್ಗಿಸಿ, ಆಯಿತು ಮಾರೋಣ ಅಂದ. ಲಾರಿ ಮಾಲೀಕ ಚಹಾದ ಕಪ್ಪಿಗೆ ಕೈ ಚಾಚಿದ. ಎಲ್ಲ ಮುಗಿದಿತ್ತು. ಅವಳು ಒಳಗೆ ಹೋಗಬಹುದಿತ್ತು. ಹೋಗುವ ಮೊದಲು ತಿರುಗಿ ನನ್ನನ್ನು ನೋಡಿ ಅಂದಳು:

“ಮಕ್ಕಳಿಲ್ಲ, ಮರಿಯಿಲ್ಲ. ಯಾರಿಗೆ ಕೂಡಿಡ್ತಾಳೋ.”

ಬಂದೂಕು ಸಂಡೂರಿಗೆ ಹೋಯಿತು. ಸುಳ್ಳನ್ನು ಕೊನೆತನಕ ನಡೆಸಬೇಕಲ್ಲ, ನನ್ನ ಪಾಲನ್ನು ನಾನು ತೆಗೆದುಕೊಂಡೆ. ಅವ್ವ ನನ್ನೊಂದಿಗೆ ಮಾತು ಬಿಟ್ಟಳು. ನಾಗರ ಪಂಚಮಿಗೆ ತವರಿಗೆ ಕರೆಯಲು ತಮ್ಮ ಬರಲಿಲ್ಲ. ಅವೆಲ್ಲ ಆಗುತ್ತವೆಂದು ತಿಳಿದೇ ಮಾಡಿದ್ದು, ಅವಕ್ಕೆ ನನ್ನ ದೂರಿಲ್ಲ.

ಅವಳು ಅಂದು ಆಡಿದ ಒಂದೊಂದು ಮಾತನ್ನೂ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಫೀಜಿನ ಮಾತು ಬೇಕಿತ್ತು. ನನ್ನ ಮಾರಿಯ ಮಾತೂ ಬೇಕಿತ್ತು. ಪಾಲನ್ನು ಒಗೆಯಿರಿ ಅಂದದ್ದೂ ಸರಿಯೇ, ಹಾಗನ್ನದಿದ್ದರೆ ಅವರು ನಂಬುತ್ತಿರಲಿಲ್ಲ. ಕೊನೆಯ ಮಾತು ಯಾಕೆ ಬೇಕಿತ್ತು? ನಾನು ಮಗುವಿಗಾಗಿ ಬಳ್ಳಾರಿಯ ಆಸ್ಪತ್ರೆಗೆ ಅಲೆಯುತ್ತಿದ್ದಾಗ ಡಬ್ಬಿ ಕಟ್ಟಿಕೊಂಡು ನನ್ನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದವಳು ಇವಳೇ. ಕೊನೆಯ ಸಲ ಡಾಕ್ಟರು ಇನ್ನು ಬೇಡ ಅಂದಾಗ ನನಗಿಂತ ಮೊದಲು ಅತ್ತವಳೂ ಇವಳೇ. ಆ ಮಾತನ್ನು ಅವರಿಗಾಗಿ ಆಡಿದಳೋ, ಅಥವಾ ಅಷ್ಟು ದಿನದಿಂದ ಅದು ಅವಳ ಹೊಟ್ಟೆಯಲ್ಲಿ ಇತ್ತೋ? ಫೋನ್ ಮಾಡಿ ಕೇಳುವ ಹಾಗಿಲ್ಲ, ನಾವಿಬ್ಬರೂ ಮಾತಾಡುತ್ತೇವೆಂದು ತಿಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅವಳು ಆ ಮನೆಯಲ್ಲಿ ಈಗ ಭಯವಿಲ್ಲದೆ ಮಲಗುತ್ತಾಳೆ, ಅಷ್ಟು ಸಾಕು ಎಂದು ಯಾರಾದರೂ ಹೇಳಿಯಾರು. ನನಗೆ ಸಾಕಾಗಿಲ್ಲ. ಅದೊಂದು ಮಾತಿಗೆ ಅವಳನ್ನು ನಾನಿನ್ನೂ ಕ್ಷಮಿಸಿಲ್ಲ.