ಮುಟ್ಟಬಹುದಾದ ಜೇಡರಬಲೆ

ನನ್ನ ಸೋದರತ್ತೆ ಮರದ ನಾಮಫಲಕ ಮಾಡುತ್ತಿದ್ದಳು. ಮನೆಯ ಹಿಂಬದಿಯ ಕಿರುಕೋಣೆಯಲ್ಲಿ ಅವಳ ಸ್ಕ್ರೋಲ್ ಸಾ ಇತ್ತು. ಮೇಜಿನ ನಡುವಿನ ತೂತಿನಲ್ಲಿ ಸಪೂರ ಬ್ಲೇಡೊಂದು ಮೇಲೆ ಕೆಳಗೆ ಕುಣಿಯುವ ಕರೆಂಟಿನ ಗರಗಸ. ಎಂಥ ಸುರುಳಿ ಅಕ್ಷರವನ್ನಾದರೂ ಹಲಗೆ ತಿರುಗಿಸುತ್ತಲೇ ಕೊರೆದುಬಿಡುವಳು. ಮಾವ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿದಾಗಿನಿಂದ ಅವರಿಗೆ ಕಣ್ಣು ಕಾಣದು. ಅತ್ತೆಯ ಫಲಕಗಳನ್ನು ಮೊದಲು ಬೆರಳಲ್ಲಿ ಓದುವವರು ಅವರೇ. ತಪ್ಪು ಸಿಕ್ಕಿತೋ, ಊಟ ಮುಗಿಯುವವರೆಗೂ ಅವಳ ಕಾಲೆಳೆಯುವರು.

ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ದಾಟುವಾಗ ಮಾವನ ಮುಖಕ್ಕೆ ಜೇಡರಬಲೆ ಮೆತ್ತಿಕೊಂಡಿತು. ಸಿಡುಕುತ್ತಾ ಒರೆಸಿಕೊಂಡರು. ಅಯ್ಯೋ, ಎಷ್ಟು ಚೆಂದ ಇತ್ತು ಎಂದು ಅತ್ತೆಯ ಬಾಯಿಂದ ಬಂದುಬಿಟ್ಟಿತು.

"ಚೆಂದನಾ? ಈ ಅಂಟಿಗೆ ಆಕಾರ ಬೇರೆ ಇದೆಯಾ?" ಎಂದರು ಮಾವ.

ಅತ್ತೆ ವಿವರಿಸಿದಳು. ಅವರು ಮರ್ಯಾದೆಗೆ ತಲೆಯಾಡಿಸಿದರು. ಆಗ ಅವಳಿಗೆ ಹೊಳೆಯಿತಂತೆ. ಜಗತ್ತನ್ನೆಲ್ಲ ಮುಟ್ಟಿಯೇ ತಿಳಿದ ಮನುಷ್ಯನಿಗೆ, ಮುಟ್ಟಿದರೆ ಇಲ್ಲವಾಗುವ ವಸ್ತುವೊಂದು ದಕ್ಕಿರಲೇ ಇಲ್ಲ.

ಅಂದೇ ಕೆಲಸ ಹಿಡಿದಳು. ಗಟ್ಟಿಮರದಲ್ಲಿ ಎಳೆಗಳು ಪಟಪಟನೆ ಮುರಿಯುತ್ತವೆಂದು ತೆಳು ಪ್ಲೈವುಡ್ಡಿನ ಮೇಲೆ ಬಲೆ ಬರೆದಳು. ಒಂದೊಂದು ಕಂಡಿಗೂ ತೂತು ಕೊರೆದು, ಬ್ಲೇಡು ಬಿಚ್ಚಿ, ಪೋಣಿಸಿ, ಮತ್ತೆ ಬಿಗಿಯಬೇಕು. ಫಲಕಕ್ಕೆ ಬಳಸುವ ದೊಡ್ಡ ಹಲ್ಲಿನ ಬ್ಲೇಡು ಎಳೆಗಳನ್ನೇ ನುಂಗಿತು. ಸುತ್ತಲೂ ಹಲ್ಲಿರುವ ತಿರುಚು ಬ್ಲೇಡು ಎತ್ತ ಬೇಕಾದರೂ ಹರಿಯುತ್ತದೆ ನಿಜ, ಆದರೆ ಅಂಚೆಲ್ಲ ತೆಂಗಿನ ನಾರಿನಂತೆ ಒರಟು. ಕೊನೆಗೆ ಸಣ್ಣ ಹಲ್ಲಿನ, ಕೂದಲಂಥ ಬ್ಲೇಡು ಹಾಕಿದಳು. ಬಲೆ ಮೇಲಿನಿಂದ ಅಚ್ಚುಕಟ್ಟಾಗಿ ಬಂತು. ನಾನು ಭೇಷ್ ಎಂದೆ. ಅವಳು ತಿರುವಿ ಹಾಕಿ ಸವರಿದಳು. ಕೆಳಮೈ ತುಂಬಾ ಸಿಬಿರು.

"ನೋಡೋರಿಗೆ ಒಂದು ಮುಖ ಸಾಕು. ಇವರು ಎರಡೂ ಕಡೆಯಿಂದ ಹಿಡೀತಾರೆ," ಎಂದು ಅದನ್ನು ಪಕ್ಕಕ್ಕಿಟ್ಟಳು.

ಡಬ್ಬಿ ತಡಕಾಡಿ ಬೇರೊಂದು ಬ್ಲೇಡು ತೆಗೆದಳು. ಅದೂ ಅಷ್ಟೇ ಸಪೂರ. ಆದರೆ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿದ್ದವು. ಬ್ಲೇಡು ಮೇಲೇರುವಾಗ ಅವು ಕೆಳಮೈಯ ಸಿಬಿರನ್ನೂ ಕತ್ತರಿಸುತ್ತವೆ. ಗೋಡೆಗೆ ಒರಗುವ ಫಲಕದ ಬೆನ್ನು ಹೇಗಿದ್ದರೇನೆಂದು ಅದನ್ನು ಎಂದೂ ಬಳಸಿರಲಿಲ್ಲ. ಹಲಗೆಯನ್ನು ಜೋರಾಗಿ ನೂಕಿದರೆ ಬ್ಲೇಡು ಟಣ್ಣೆಂದು ತುಂಡಾಗುತ್ತಿತ್ತು. ಬ್ಲೇಡು ತಾನಾಗಿ ತಿನ್ನುವಷ್ಟೇ ಉಣಿಸಬೇಕು. ಅತ್ತೆ ಉಸಿರು ಬಿಗಿಹಿಡಿದು ಉಣಿಸಿದಳು.

ಭಾನುವಾರ ಹೊಸ ಬಲೆಯನ್ನು ಮಾವನ ತೊಡೆಯ ಮೇಲಿಟ್ಟಳು. ಅವರ ಹೆಬ್ಬೆರಳು ಮೇಲೆ, ಉಳಿದವು ಕೆಳಗೆ. ನಡುವಿನಿಂದ ಹೊರಟು, ಸುತ್ತು ಸುತ್ತಾಗಿ ಅಂಚು ಮುಟ್ಟಿ, ಅಡ್ಡ ಎಳೆ ಹಿಡಿದು ಮತ್ತೆ ನಡುವಿಗೆ. ಇಷ್ಟನ್ನೂ ಜೇಡ ನೋಡಿಕೊಂಡು ನೇಯುತ್ತದೆಯೇ ಎಂದು ಕೇಳಿದರು.

"ಇಲ್ಲ," ಎಂದಳು ಅತ್ತೆ. "ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಕತ್ತಲಲ್ಲಿ ಕಾಲಿಂದ ಮುಟ್ಟಿ ಮುಟ್ಟಿ ಕಟ್ಟತ್ತೆ."

ಮಾವನ ಬೆರಳುಗಳು ಇದ್ದಲ್ಲೇ ನಿಂತವು. "ಹಾಗಾದ್ರೆ ನಮ್ಮವನೇ," ಎಂದು ಮೆಲ್ಲಗೆ ನಕ್ಕರು.

ಅವರು ಎದ್ದುಹೋದ ಮೇಲೆ ನಾನೂ ಕಣ್ಣುಮುಚ್ಚಿ ಆ ಬಲೆಯ ಮೇಲೆ ಬೆರಳಿಟ್ಟೆ. ಎರಡನೆಯ ಸುತ್ತಿನಲ್ಲೇ ದಾರಿ ತಪ್ಪಿತು.