ಓನರ್ ಪ್ರಣಾಳಿಕೆಯ ಏಳನೆಯ ಅಂಶ

ಒಂದು ಪಾಪವನ್ನು ನಿಮ್ಮ ಹತ್ತಿರ ಹೇಳಿಕೊಂಡುಬಿಡುತ್ತೇನೆ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆದವನು. ನಮ್ಮ ಕಸುಬಿನಲ್ಲಿ ಅಕ್ಷರ ಬಿಟ್ಟರೆ ಕಣ್ತಪ್ಪು ಅನ್ನುತ್ತಾರೆ, ಸಾಲು ಬಿಟ್ಟರೆ ತೂಕಡಿಕೆ ಅನ್ನುತ್ತಾರೆ. ಇಡೀ ಒಂದು ಅಂಶವನ್ನೇ ಬಿಟ್ಟರೆ ಏನನ್ನುತ್ತಾರೋ ಗೊತ್ತಿಲ್ಲ, ಏಕೆಂದರೆ ನಾನು ಬಿಟ್ಟದ್ದು ಯಾರಿಗೂ ಹೇಳದೆ, ಪೂರ್ತಿ ಎಚ್ಚರದಲ್ಲಿ, ಒಂದು ಲೋಟ ಚಹಾ ಕುಡಿದ ಮೇಲೆ.

ತೊಂಬತ್ತರ ದಶಕದ ನಡುವಿನ ಮಾತು. ಸೇಡಂ ಕಡೆಯಿಂದ ಬಂದ ನಾನು, ನನ್ನ ಹೆಂಡತಿ ಮಹಾದೇವಿ, ಮಗಳು ಅನ್ನಪೂರ್ಣ ಮೂವರೂ ಬೆಂಗಳೂರಿನ ಮರ್ಫಿ ಟೌನಿನ ಒಂದು ವಠಾರದಲ್ಲಿದ್ದೆವು. ಪ್ರೆಸ್ಸು ಶಿವಾಜಿನಗರದಲ್ಲಿ. ವಠಾರದ ಮಾಲೀಕರು ತಂಗರಾಜ್. ಎಲ್ಲರ ಬಾಯಲ್ಲೂ ಓನರ್. ಸೇನೆಯ ಉಗ್ರಾಣದಲ್ಲಿ ಜೀವಮಾನವಿಡೀ ಕೆಲಸ ಮಾಡಿ ನಿವೃತ್ತರಾದವರು. ಒಂದು ಕಸಬರಿಗೆ ಹೊರಗೆ ಹೋಗಬೇಕಾದರೆ ಮೂರು ಪ್ರತಿ ಅರ್ಜಿ, ನಾಲ್ಕು ಸಹಿ ಬೇಕಾಗಿದ್ದ ಆ ಜಾಗದಲ್ಲಿ ಅವರಿಗೆ ಜ್ಞಾನೋದಯವಾಗಿತ್ತು: ಸರ್ಕಾರ ಎಷ್ಟು ಚಿಕ್ಕದಾಗಿದ್ದರೆ ಜನ ಅಷ್ಟು ದೊಡ್ಡವರಾಗುತ್ತಾರೆ. ಆ ಜ್ಞಾನವನ್ನು ಇಟ್ಟುಕೊಂಡು ಅವರು ವಿಧಾನಸಭೆ ಚುನಾವಣೆಗೆ ಪಕ್ಷೇತರರಾಗಿ ನಿಂತೇಬಿಟ್ಟರು. ತಿಂಗಳ ಮೊದಲ ವಾರ ಪಿಂಚಣಿ ತರಲು ಹೋಗುವಾಗ ಮಾತ್ರ ಈ ವಿಷಯದಲ್ಲಿ ಸ್ವಲ್ಪ ಮೌನವಾಗಿರುತ್ತಿದ್ದರು.

ಅವರ ನಿಲುವುಗಳು ಕೇಳಲು ಖುಷಿಯಾಗಿದ್ದವು. ರಾಜ್ಯ ಸರ್ಕಾರ ಬಸ್ಸು ಓಡಿಸಬಾರದು, ಸೋಪು ಮಾಡಬಾರದು. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚಬೇಕೆಂದು ಅಂಗಡಿಯವನಿಗೆ ಗೊತ್ತು, ಸಿನಿಮಾ ಟಿಕೆಟ್ಟಿಗೆ ಎಷ್ಟು ಕೊಡಬಹುದೆಂದು ನೋಡುವವನಿಗೆ ಗೊತ್ತು. ಒಂದು ಕೈಯಲ್ಲಿ ಸಾರಾಯಿ ಹರಾಜು ಹಾಕಿ ಇನ್ನೊಂದು ಕೈಯಲ್ಲಿ ಕುಡಿಯಬೇಡಿ ಎಂದು ಬೋರ್ಡು ಬರೆಸುವುದಂತೂ ನಾಚಿಕೆಗೇಡು. ಫ್ರೇಜರ್ ಟೌನನ್ನು ಪುಲಿಕೇಶಿನಗರ ಮಾಡಿದ್ದರಿಂದ ಅಲ್ಲಿನ ಒಂದು ಮೋರಿಯಾದರೂ ಸರಿಯಾಯಿತೇ ಎಂದು ಅವರು ಕೇಳುತ್ತಿದ್ದರು. ಪೊಲೀಸು, ಕೋರ್ಟು, ಮೋರಿ ಈ ಮೂರು ಸಾಕು, ಉಳಿದದ್ದನ್ನು ಜನಕ್ಕೆ ಬಿಡಿ ಎಂಬುದು ಒಟ್ಟು ಸಾರಾಂಶ. ದಂಡಿನವರಿಗೆ, ಅಂದರೆ ನಮ್ಮ ಕಂಟೋನ್ಮೆಂಟ್ ಕಡೆಯವರಿಗೆ, ಇದು ತೀರ ಹೊಸದೂ ಅಲ್ಲ. ಒಂದು ಕಾಲಕ್ಕೆ ಆ ಕಡೆ ಪೇಟೆಯಲ್ಲಿ ಮಹಾರಾಜರು, ಈ ಕಡೆ ದಂಡಿನಲ್ಲಿ ಬ್ರಿಟಿಷರು. ಎರಡು ಸರ್ಕಾರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಎರಡರ ಮೇಲೂ ಭಕ್ತಿ ಹುಟ್ಟುವುದು ಕಷ್ಟ.

ಆದರೆ ಸರ್ಕಾರವೆಂದರೆ ವಿಧಾನಸೌಧ ಎಂದುಕೊಂಡವರು ಬಾಡಿಗೆ ಮನೆಯಲ್ಲಿ ಇದ್ದವರಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆಗೆ ಇದ್ದು ನೋಡು ಎನ್ನುವುದನ್ನು ಯಾಕೆ ಮರೆತರೋ. ನಮ್ಮ ನಿಜವಾದ ಸರ್ಕಾರ ಇದ್ದದ್ದು ಮಹಡಿಯ ಮೇಲೆ, ಓನರ್ ಮನೆಯಲ್ಲಿ. ನೀರಿನ ಮೋಟಾರು ಬೆಳಿಗ್ಗೆ ಏಳೂವರೆಗೆ ಬಂದ್. ಗೋಡೆಗೆ ಮೊಳೆ ಹೊಡೆಯಲು ಮೌಖಿಕ ಅರ್ಜಿ, ಸ್ಥಳ ಪರಿಶೀಲನೆ, ಆಮೇಲೆ ನಿರಾಕರಣೆ. ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿದರೆ ವಿಚಾರಣೆ. ಚುನಾವಣಾ ಆಯೋಗದವರು ಅವರಿಗೆ ಬಕೆಟ್ ಚಿಹ್ನೆ ಕೊಟ್ಟಾಗ ವಠಾರದ ನಾಲ್ಕು ಮನೆಯವರೂ ಬಾಗಿಲು ಮುಚ್ಚಿಕೊಂಡು ನಕ್ಕೆವು. ಉಂಡ ಮನೆಯ ಜಂತೆ ಎಣಿಸಬಾರದು, ನಿಜ. ಆದರೆ ನೀರಿಲ್ಲದ ನಲ್ಲಿಯ ಮುಂದೆ ನಿಂತವನಿಗೆ ಎಣಿಸಲು ಬೇರೇನಿರುತ್ತದೆ?

ಈಗ ನನ್ನ ಪಾಪಕ್ಕೆ ಬರುತ್ತೇನೆ. ಓನರ್ ಮನೆಯಲ್ಲಿ ತಮಿಳು ಮಾತಾಡುತ್ತಿದ್ದರು, ಬೀದಿಯಲ್ಲಿ ಕನ್ನಡ, ಮಾಂಸದಂಗಡಿಯಲ್ಲಿ ದಖ್ಖನಿ ಉರ್ದು. ಓದುವುದು ಮಾತ್ರ ಇಂಗ್ಲಿಷೊಂದೇ. ದಂಡಿನ ಕಡೆ ಇಂಥವರು ಬೀದಿಗೆ ಹತ್ತು ಜನ ಸಿಗುತ್ತಾರೆ. ನಾಲಿಗೆಗೆ ನಾಲ್ಕು ಭಾಷೆ, ಕಣ್ಣಿಗೆ ಒಂದೇ ಲಿಪಿ. ತಮ್ಮ ಪ್ರಣಾಳಿಕೆಯನ್ನು ಏಳು ಅಂಶಗಳಲ್ಲಿ ಇಂಗ್ಲಿಷಿನಲ್ಲಿ ಬರೆದು, ಕನ್ನಡ ಮಾಡಿ ಅಚ್ಚು ಹಾಕಿಸಿ ಕೊಡಿ ಎಂದು ನನಗೆ ಕೊಟ್ಟರು. ಆರು ಅಂಶ ಸಲೀಸಾಗಿ ಆಯಿತು. ಏಳನೆಯದರ ಹತ್ತಿರ ನನ್ನ ಪೆನ್ನು ನಿಂತಿತು. ಬಾಡಿಗೆ ನಿಯಂತ್ರಣ ಕಾನೂನನ್ನು ಕಿತ್ತುಹಾಕಬೇಕು, ಒಂದು ತಿಂಗಳ ನೋಟಿಸು ಕೊಟ್ಟು ಬಾಡಿಗೆದಾರರನ್ನು ಬಿಡಿಸುವ ಹಕ್ಕು ಮಾಲೀಕರಿಗೆ ಇರಬೇಕು ಎಂದಿತ್ತು.

ನಮ್ಮ ಹನ್ನೊಂದು ತಿಂಗಳ ಕರಾರು ಜನವರಿಗೆ ಮುಗಿಯುತ್ತಿತ್ತು. ಅನ್ನಪೂರ್ಣಳಿಗೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೆಜಿಎಫ್‌ನಲ್ಲಿರುವ ತಂಗಿಯ ಮಗ ಬರುತ್ತಾನೆ, ಅವನಿಗೊಂದು ಮನೆ ಬೇಕು ಎಂದು ಓನರ್ ಎರಡು ಸಲ ನನ್ನ ಕಿವಿಗೆ ಬೀಳುವಂತೆ ಹೇಳಿದ್ದರು. ಪರೀಕ್ಷೆಯ ಮುಂದೆ ಮಗಳನ್ನು, ಅವಳ ಪುಸ್ತಕದ ಟ್ರಂಕನ್ನು ಎತ್ತಿಕೊಂಡು ಮನೆ ಹುಡುಕುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಮತ್ತು ಬೀದಿಯ ನಡುವೆ ಇದ್ದದ್ದು ಆ ಒಂದು ಕಾನೂನು. ಅದನ್ನು ಕಿತ್ತುಹಾಕಿ ಎಂದು ನನ್ನ ಕೈಯಲ್ಲೇ ಚಂದದ ಕನ್ನಡದಲ್ಲಿ ಬರೆಯಬೇಕೆ? ಹಳೆಯ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂದು ತೆರಿಗೆಗಳನ್ನೆಲ್ಲ ಕೊರೆದು, ಕೊನೆಗೆ ಇದನ್ನು ಅಳಿಸಿದವನಿಗೆ ಹಸುವನ್ನು ಕೊಂದ ಪಾಪ ಎಂದು ಶಾಪ ಹಾಕಿರುತ್ತಾರೆ. ಆ ಶಾಪ ಬರೆಸಿದವರಿಗೆ ನಮ್ಮಂಥ ಅಕ್ಷರದವರ ಬುದ್ಧಿ ಚೆನ್ನಾಗಿ ಗೊತ್ತಿದ್ದಿರಬೇಕು. ನಾನು ಆರು ಅಂಶಗಳನ್ನೇ ಅಚ್ಚಿಗೆ ಕೊಟ್ಟೆ. ಓನರ್ ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಅಕ್ಷರ ದುಂಡಗೆ ಬಂದಿದೆ ಎಂದು ಮೆಚ್ಚಿಕೊಂಡರು.

ಪ್ರಚಾರಕ್ಕೆ ನಾನೂ ಹೋದೆ. ಪಾಪ ಮಾಡಿದವನಿಗೆ ಉತ್ಸಾಹ ಜಾಸ್ತಿ. ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸೊಬ್ಬಳು, ಗೆದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಓನರ್ ಗಂಭೀರವಾಗಿ, “ಏನೂ ಮಾಡಲ್ಲಮ್ಮ” ಅಂದರು. ಅವಳು ಒಂದು ಗಳಿಗೆ ಅವರ ಮುಖ ನೋಡಿ, ನಿಜ ಹೇಳುವವರು ನೀವೊಬ್ಬರೇ ಎಂದು ಒಂದು ಮೊಳ ಮಲ್ಲಿಗೆಯನ್ನು ಪುಕ್ಕಟೆ ಕೊಟ್ಟಳು. ಉಳಿದ ಅಭ್ಯರ್ಥಿಗಳು ಗೆದ್ದ ಮೇಲೆ ಮಾಡುವುದನ್ನೇ ಇವರು ಮೊದಲೇ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಾನು ಅವರಿಗೇ ವೋಟು ಹಾಕಿದೆ. ಗೆಲ್ಲುವುದಿಲ್ಲವೆಂಬ ಗಟ್ಟಿ ನಂಬಿಕೆಯಿಂದ ಹಾಕಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಎಷ್ಟೋ ದೊಡ್ಡ ತತ್ವಗಳನ್ನು ನಾವು ಧಾರಾಳವಾಗಿ ಮೆಚ್ಚುವುದು ಆ ಧೈರ್ಯದಿಂದಲೇ. ಓನರ್ ನನ್ನ ನಂಬಿಕೆಯನ್ನು ಸುಳ್ಳು ಮಾಡಲಿಲ್ಲ. ಠೇವಣಿ ಹೋಯಿತು.

ಫಲಿತಾಂಶದ ಮಾರನೆಯ ಸಂಜೆ ಅವರು ನಮ್ಮ ಜಗಲಿಯ ಮೇಲೆ ಬಂದು ಕೂತರು. ಸೋತ ಮನುಷ್ಯನಿಗೆ ತನ್ನ ಮಾತನ್ನು ಒಮ್ಮೆ ಕೇಳಬೇಕೆನ್ನಿಸಿರಬೇಕು. ಅನ್ನಪೂರ್ಣಳನ್ನು ಕರೆದು ಕರಪತ್ರ ಕೊಟ್ಟು, ಕನ್ನಡದಲ್ಲಿ ಹೇಗೆ ಕೇಳಿಸುತ್ತದೋ ಓದು ಮಗಳೇ ಅಂದರು. ಅವಳು ಶಾಲೆಯ ಪ್ರಾರ್ಥನೆಯ ರಾಗದಲ್ಲಿ ಒಂದೊಂದಾಗಿ ಓದಿದಳು. ಓನರ್ ಕಣ್ಣು ಮುಚ್ಚಿ ಬೆರಳು ಮಡಿಸುತ್ತ ಕೇಳಿದರು. ಆರು ಆಯಿತು, ಅವಳು ಮುದ್ರಕರ ಹೆಸರನ್ನೂ ಓದಿ ನಿಲ್ಲಿಸಿದಳು. ಏಳನೆಯ ಬೆರಳು ಹಾಗೇ ನೆಟ್ಟಗೆ ನಿಂತಿತ್ತು.

ಅವರು ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. “ಮನೇದು ಎಲ್ರೀ ಶರಣಪ್ಪ?”

ಪುಟದಲ್ಲಿ ಜಾಗ ಸಾಲಲಿಲ್ಲ ಎನ್ನಬಹುದಿತ್ತು. ಆದರೆ ಅವಳ ಕೈಯಲ್ಲಿದ್ದ ಕಾಗದದ ತಳದಲ್ಲಿ ನಾಲ್ಕು ಬೆರಳಗಲ ಖಾಲಿ ಎದ್ದು ಕಾಣುತ್ತಿತ್ತು. ಮಗಳ ಪರೀಕ್ಷೆ, ಜನವರಿ, ಕೆಜಿಎಫ್, ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಅವರು, “ಪರೀಕ್ಷೆ ಇಟ್ಕೊಂಡಿರೋ ಮಗೂನ ನಾನು ಬಿಡಿಸ್ತಿದ್ನಾ? ಒಂದ್ ಮಾತು ನನ್ನನ್ನೇ ಕೇಳ್ಬೋದಿತ್ತು” ಅಂದರು. ಬಾಗಿಲ ಹಿಂದಿನಿಂದ ಮಹಾದೇವಿ ಉತ್ತರ ಕೊಟ್ಟಳು: “ನೀವು ಬಿಡಸಂಗಿಲ್ರಿ, ನಮಗೂ ಗೊತ್ತದ. ಆದ್ರ ಬರದು ಕೊಡ್ರಿ.”

ನಾನು ನೆಲಕ್ಕಿಳಿದುಹೋದೆ. ಇಬ್ಬರು ಮನುಷ್ಯರ ಮಾತಿನ ನಡುವೆ ಸರ್ಕಾರಕ್ಕೆ ಏನು ಕೆಲಸ ಎಂದು ತಿಂಗಳುಗಟ್ಟಲೆ ಮಾರ್ಕೆಟ್ಟಿನಲ್ಲಿ ಕೂಗಿದವರ ಮುಂದೆ ಇವಳು ಹೀಗನ್ನಬೇಕೆ? ಓನರ್ ಎದ್ದು ಹೋದರು.

ಮರುದಿನ ಮಧ್ಯಾಹ್ನ ಅವರು ಪ್ರೆಸ್ಸಿನ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿದರು. ಮೈಯೆಲ್ಲ ಬೆವರು. ಛಾಪಾ ಕಾಗದಕ್ಕೆ ಒಂದು ಗಂಟೆ ಕ್ಯೂ ನಿಂತೆ, ನೋಡಿ ಸರ್ಕಾರದ ಹಣೆಬರಹ ಎಂದು ಬೈದು, ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಬರೆಯಿರಿ ಅಂದರು. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ಮನೆ ಬಿಡಿಸುವುದಿಲ್ಲ ಎಂದು ನಾನು ಕನ್ನಡದಲ್ಲಿ ಬರೆದೆ. ಮುಗಿಸಿ, “ಓದಿ ಹೇಳ್ಲಾ ಸರ್?” ಎಂದು ಕೇಳಿದೆ.

ಅವರು ಆಗಲೇ ಪೆನ್ನಿನ ಟೋಪಿ ತೆಗೆದಿದ್ದರು. “ಯಾಕ್ರೀ? ನೀವೇ ತಾನೇ ಬರ್ದಿರೋದು” ಎಂದು, ತಮಗೆ ಒಂದಕ್ಷರವೂ ತಿಳಿಯದ ಆ ಕಾಗದದ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಮಾಡಿ, ಸ್ಕೂಟರ್ ಒದ್ದು ಹೊರಟುಹೋದರು.

ನಾನು ಆ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದೆ. ಮತ್ತೆ ಓದಿದೆ. ಅಷ್ಟು ವರ್ಷಗಳ ಕಸುಬಿನಲ್ಲಿ ಯಾವ ಕರಡನ್ನೂ ಅಷ್ಟು ಸಲ ತಿದ್ದಿ ನೋಡಿದವನಲ್ಲ.