ಜಯಕ್ಕ ಮತ್ತು ಹೆಸರಿಲ್ಲದ ಗೋರಿ

ಜಯಕ್ಕ ಕುದುರೆಯನ್ನು ಒಮ್ಮೆಯೂ ಓಡಿಸಲಿಲ್ಲ. ಟಿ.ವಿ. ಪರದೆಯ ಆಟದಲ್ಲಿ ಬೆನ್ನಟ್ಟಿದವರು ಗುಂಡು ಹಾರಿಸುತ್ತಿದ್ದರೂ ಅವರ ಕುದುರೆ ನಡೆದೇ ಹೋಗುತ್ತಿತ್ತು. ನನ್ನ ದಿನಚರಿಯ ಲೆಕ್ಕದಲ್ಲಿ ಮೊದಲ ವಾರ ಜಯಕ್ಕ ಇಪ್ಪತ್ತಮೂರು ಸಲ ಸತ್ತರು. "ಓಡಿದ್ರೆ ದಾರಿ ಏನ್ ಕಾಣ್ತದೆ ಕಣಮ್ಮಿ?" ಎನ್ನುತ್ತಿದ್ದರು.

ಕಂಪಲಾಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಹತ್ತೊಂಬತ್ತು ವರ್ಷ ಊರಿನ ಸೊಪ್ಪಿನ ಮನೆಯಲ್ಲಿ ಹದಗೊಂಡ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿದವರು. ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದರೆ ಸಾಕು, ಅದು ಯಾವ ರಾಶಿಯದೆಂದು ಹೇಳುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಸೊಪ್ಪಿನ ಮನೆಯ ಯಜಮಾನರು ಆ ಜಾಗದಲ್ಲಿ ಬೇರೆಯವರನ್ನು ಕೂರಿಸಿದರು. ಜಯಕ್ಕನಿಗೆ ಬೇಕಾಗಿದ್ದುದು ಆ ಜಾಗವೊಂದೇ. ಬೆರಳಾಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರಿಂದ ನನ್ನ ಆಟದ ರಿಮೋಟನ್ನು ಅವರ ಮಡಿಲಲ್ಲಿಟ್ಟೆ. ಟೋಪಿ ಹಾಕಿದ ದರೋಡೆಕೋರನೊಬ್ಬ ಬಯಲುಸೀಮೆಯಲ್ಲಿ ಅಲೆಯುವ ಆಟ. ಬಲಗೈ ಏಳದೆ, ಅದನ್ನು ಎಡಗೈಯಲ್ಲೇ ಕಲಿತರು.

ಹನ್ನೆರಡನೇ ದಿನ ಆಟದಲ್ಲಿ ಎದುರಾಳಿಗಳು ದರೋಡೆಕೋರನ ಬಲಗೈಯನ್ನು ಕಲ್ಲಿನಿಂದ ಜಜ್ಜಿದರು. ಅಲ್ಲಿಂದ ಮುಂದೆ ಅವನ ಬಂದೂಕು ನಡುಗುತ್ತದೆ. ಆಡುವವರೆಲ್ಲ ಇಲ್ಲಿ ಹಿಂದಿನ ಸೇವ್‌ಗೆ, ಅಂದರೆ ಕೈ ಚೆನ್ನಾಗಿದ್ದಾಗ ಉಳಿಸಿಟ್ಟ ಹಂತಕ್ಕೆ, ಮರಳುತ್ತಾರೆ. ನಾನೂ ಅದನ್ನೇ ಹೇಳಿದೆ.

"ಕೈ ಹೋದೋನ್ನ ಬುಟ್ಟು ಕೈ ಇರೋನ್ನ ತತ್ತೀಯಾ? ನೀನೂ ನಮ್ ಯಜಮಾನ್ರಂಗೇ ಆದಲ್ಲಮ್ಮಿ! ಇವ್ನೇ ಇರ್ಲಿ."

ಆ ಆಟದಲ್ಲೊಂದು ಹೆಸರಿಲ್ಲದ ಗೋರಿಯಿದೆ. ಅದು ಯಾರದೆಂದು, ಎರಡು ಸಲ ಆಟ ಮುಗಿಸಿದ ನನಗೂ ಗೊತ್ತಿರಲಿಲ್ಲ. ಮೂವತ್ತೊಂದನೇ ದಿನ ಜಯಕ್ಕ ಅಲ್ಲಿ ಕುದುರೆ ನಿಲ್ಲಿಸಿದರು.

"ಹುಲ್ಲು ನೋಡು. ಸುತ್ತ ನಿಂಬೆಹಣ್ಣಿನ್ ಬಣ್ಣ. ಈ ತಾವ ಕಿತ್ತಳೆ. ಬ್ಯಾರೆ ರಾಶಿ ಕಣಮ್ಮಿ."

ನನಗೆ ಎಲ್ಲವೂ ಒಂದೇ ಹುಲ್ಲು. ಅಗೆದಾಗ ತಗಡಿನ ಡಬ್ಬಿಯಲ್ಲೊಂದು ಇಂಗ್ಲಿಷ್ ಪತ್ರ ಸಿಕ್ಕಿತು. ನಾನು ಕನ್ನಡದಲ್ಲಿ ಹೇಳಿದೆ: ದರೋಡೆಕೋರರ ಗುಂಪಿಗೆ ಅಡುಗೆ ಮಾಡುತ್ತಿದ್ದ ಹೆಂಗಸು ಅಲ್ಲಿ ಮಲಗಿದ್ದಾಳೆ. ಕಾಲು ಮುರಿದಾಗ ಅವಳನ್ನು ಹೊರೆಯೆಂದು ದಾರಿಯಲ್ಲೇ ಬಿಟ್ಟು ಹೋದರು. ಬಿಟ್ಟವನು ನಮ್ಮ ಟೋಪಿಯವನೇ.

ಜಯಕ್ಕ ರಿಮೋಟನ್ನು ನೆಲಕ್ಕಿಟ್ಟು ಎದ್ದು, ನೇರ ಸೊಪ್ಪಿನ ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ.

"ಇದ್ಯಾಕ್ ಬಂದೆ ಜಯಮ್ಮ? ಒಂದ್ ಕೈಲಿ ಏನ್ ಕೆಲ್ಸ ಆಯ್ತದೆ?" ಎಂದರು ಯಜಮಾನರು.

"ಬಣ್ಣ ನೋಡೋದು ಕಣ್ಣು ಕಣ್ರೀ. ಕೈ ಬರೀ ಎತ್ತಿಡೋದು." ಬಾಗಿಲ ಬಳಿ ಕುಳಿತವರೇ, ಆಗಲೇ ವಿಂಗಡಿಸಿಟ್ಟ ರಾಶಿಯಿಂದ ತಪ್ಪು ಎಲೆಗಳನ್ನು ಎಡಗೈಯಲ್ಲಿ ಎಳೆದೆಳೆದು ಹಾಕಿದರು. ನಾನು ಎಣಿಸಿದೆ: ಅರ್ಧ ಗಂಟೆಗೆ ಮೂವತ್ತೇಳು.

"ಆಯ್ತು, ನಾಳೆ ನೋಡಾನ ಬುಡು," ಎಂದರು ಯಜಮಾನರು.

"ನಾಳೆ ನೋಡಕ್ಕೇನೈತೆ? ಇವತ್ತೇ ಕೂತಿವ್ನಿ."

ಆಮೇಲೆ ಅವರು ನಮ್ಮ ಮನೆಗೆ ಆಡಲು ಬರಲಿಲ್ಲ. ನಲವತ್ತು ದಿನ ಕಾದು, ಹೋದ ವಾರ ಸೊಪ್ಪಿನ ಮನೆಗೇ ಹೋಗಿ ಕೇಳಿದೆ: "ಅಕ್ಕ, ಆಟ ಮುಗಿಸಲ್ವಾ?"

ಜಯಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಬೆಳಕಿಗೆ ಹಿಡಿದೇ ಹೇಳಿದರು: "ಆ ಹೆಂಗ್ಸನ್ನ ದಾರೀಲಿ ಬುಟ್ಟೋದೋನ್ನ ನಾನ್ಯಾಕಮ್ಮಿ ಗೆಲ್ಲುಸ್ಲಿ?"